ಸರ್ವರ್ ಇಲ್ಲ, ನಾಳೆ ಬಾ

ಈಗ ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬೀಳುವ ವಾಕ್ಯ ಯಾವುದು ಅಂತ ಸ್ಪರ್ಧೆ ಇಟ್ಟರೆ ನಮ್ಮ ಓಟು ‘ಸರ್ವರ್ ಇಲ್ಲ’ ಅನ್ನೋದಕ್ಕೆ. ಪಹಣಿಗೆ ಹೋದರೆ ಸರ್ವರ್ ಇಲ್ಲ. ಜಾತಿ ಆದಾಯ ಪ್ರಮಾಣಪತ್ರಕ್ಕೆ ಹೋದರೆ ಸರ್ವರ್ ಇಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ ಅಂತ ಓಡಿ ಹೋದರಂತೂ ಖಂಡಿತ ಇಲ್ಲ. ಅದರ ಹಿಂದೆಯೇ ಎರಡನೇ ವಾಕ್ಯ ಬರುತ್ತೆ: ‘ನಾಳೆ ಬಾ.’

ಹಿಂದೆ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿಡುತ್ತಿದ್ದ ಕತೆ ನೀವೂ ಕೇಳಿರುತ್ತೀರಿ. ರಾತ್ರಿ ಬಾಗಿಲು ತಟ್ಟೋಕೆ ಬಂದ ದೆವ್ವ ಅದನ್ನು ಓದಿ, ಸರಿ, ನಾಳೆ ಬರೋಣ ಅಂತ ವಾಪಸ್ ಹೋಗುತ್ತಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಆ ಬೋರ್ಡು ಈಗ ದೆವ್ವದ ಮುಂದಿಲ್ಲ, ಮನುಷ್ಯರ ಮುಂದೆ ಇದೆ ಅಷ್ಟೆ.

ನಾವು ಅಂದರೆ ಮೂವರು. ಒಂದೇ ಲ್ಯಾಬ್ ಬ್ಯಾಚು, ಒಂದೇ ಹಾಸ್ಟೆಲ್ ರೂಮು. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋಕೆ ಸಲೀಸು, ಬರೆಯೋಕೆ ಕೂತರೆ ಮಹಾಪ್ರಾಣ ಎಲ್ಲಿ ಬರುತ್ತೆ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಡಿಬಿಎಂಎಸ್ ಲ್ಯಾಬ್ ಇದೆ. ಟೇಬಲ್ ಮಾಡೋದು, ಜಾಯಿನ್ ಬರೆಯೋದು, ರೆಕಾರ್ಡ್ ಬುಕ್ಕಿಗೆ ಸೈನ್ ಹಾಕಿಸಿಕೊಳ್ಳೋದು, ಇಷ್ಟೇ ಅಂದುಕೊಂಡಿದ್ದೆವು. ಆ ಲ್ಯಾಬಿಗೂ ‘ಸರ್ವರ್ ಇಲ್ಲ’ ಅನ್ನೋದಕ್ಕೂ ಸಂಬಂಧ ಇದೆ ಅಂತ ನಮಗೆ ಹೊಳೆದಿದ್ದು ತಗಡೂರಿನಲ್ಲಿ.

ತಗಡೂರು ನಮ್ಮಲ್ಲೊಬ್ಬನ ಊರು. ಮೈಸೂರಿನಿಂದ ನಂಜನಗೂಡಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು. ಇತಿಹಾಸ ಓದಿದವರಿಗೆ ಈ ಊರು ತಗಡೂರು ರಾಮಚಂದ್ರರಾಯರ ಹೆಸರಿನಿಂದ ಗೊತ್ತಿರುತ್ತೆ, ಸ್ವಾತಂತ್ರ್ಯ ಹೋರಾಟ ಮತ್ತು ಖಾದಿ ಕೆಲಸಕ್ಕೆ ಜೀವನ ಕೊಟ್ಟವರು. ಇದೇ ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ನಾವು ಹೋಗಿದ್ದು ಇತಿಹಾಸಕ್ಕಲ್ಲ, ನಂಜನಗೂಡಿನ ದೊಡ್ಡ ಜಾತ್ರೆಗೆ. ಐದು ತೇರು ನೋಡಿ, ಕಾಲು ನೋಯಿಸಿಕೊಂಡು, ರಾತ್ರಿ ಊರಿಗೆ ಬಂದು ಅಜ್ಜಿ ಮಾಡಿಟ್ಟಿದ್ದ ಮುದ್ದೆ ಸೊಪ್ಪಿನ ಸಾರು ಉಣ್ಣುತ್ತಿದ್ದೆವು.

ಅಜ್ಜಿಗೆ ಒಂದು ಪತ್ರ ಬೇಕಿತ್ತು. ಊರಿನ ಆಚೆ ಒಂದು ಸೇವಾ ಕೇಂದ್ರಕ್ಕೆ ಆ ವಾರ ಮೂರು ಸಲ ಹೋಗಿಬಂದಿದ್ದರು. ಮೂರು ಸಲವೂ ಅದೇ ಉತ್ತರ. ಅಜ್ಜಿ ಕೂಲಿಗೆ ಹೋಗೋರು, ಹೋದ ಮೂರು ದಿನವೂ ಅರ್ಧ ದಿನದ ಕೂಲಿ ಇಲ್ಲ, ಆಟೋ ದುಡ್ಡು ಬೇರೆ. ನಮಗೆ ಬಡಿಸುತ್ತಾ ಕೇಳಿದರು:

“ಏನ್ ಕೂಸು, ನೀವ್ ಮೂರ್ ಜನ್ವೂ ಕಂಪ್ಯೂಟ್ರೇ ಓದೋದಲ್ವಾ? ಅದೇನೋ ಸರ್ವರ್ ಇಲ್ಲ ಅಂತಾರಲ್ಲ, ಎಲ್ಗ್ ಹೋಗಿರ್ತದೆ ಅದು?”

“ಲೋಡ್ ಜಾಸ್ತಿ ಆಗಿರುತ್ತೆ ಅಜ್ಜಿ.”

“ಲೋಡಾ? ಲಾರಿಗಾ?”

ನಗು ಬಂತು. ಆದರೆ ಪ್ರಶ್ನೆ ಮಾತ್ರ ಸರಿಯಾಗಿತ್ತು. ಎಲ್ಲಿಗೆ ಹೋಗಿರುತ್ತೆ? ನಮ್ಮ ಸಿಲಬಸ್‌ನಲ್ಲಿ ನಾರ್ಮಲ್ ಫಾರ್ಮ್ ಇದೆ, ಬಿ ಟ್ರೀ ಇದೆ, ಅಜ್ಜಿಯ ಪ್ರಶ್ನೆಗೆ ನೇರ ಉತ್ತರ ಇರೋ ಚಾಪ್ಟರ್ ಇಲ್ಲ.

ಉತ್ತರದ ಮೊದಲ ತುಂಡು ಸಿಕ್ಕಿದ್ದು ಲ್ಯಾಬಿನಲ್ಲೇ. ಮಿನಿ ಪ್ರಾಜೆಕ್ಟ್ ಡೆಮೊ ದಿನ. ಇಡೀ ಲ್ಯಾಬಿಗೆ ಒಂದೇ ಮೈಎಸ್‌ಕ್ಯೂಎಲ್ ಸರ್ವರ್, ಎಲ್ಲ ಮೆಶಿನ್‌ಗಳೂ ಅದಕ್ಕೇ ಕನೆಕ್ಟ್ ಆಗಬೇಕು. ಮಧ್ಯಾಹ್ನ ನಮ್ಮ ಬ್ಯಾಚು ಬರುವಷ್ಟರಲ್ಲಿ ಕೊನೇ ಸಾಲಿನ ಮೆಶಿನ್‌ಗಳಲ್ಲೆಲ್ಲ ಒಂದೇ ಎರರ್: 1040, ಟೂ ಮೆನಿ ಕನೆಕ್ಷನ್ಸ್. ಎಲ್ಲರೂ ಒಂದೇ ದನಿಯಲ್ಲಿ “ಮೇಡಂ, ಸರ್ವರ್ ಡೌನ್!” ಅಂತ ಕೂಗಿದೆವು. ಲ್ಯಾಬ್ ಮೇಡಂ ತಮ್ಮ ಮೆಶಿನ್‌ನಿಂದ ಲಾಗಿನ್ ಆಗಿ, “ಡೌನ್ ಎಲ್ಲಿ ಆಗಿದೆ? ಆರಾಮಾಗಿ ಕೂತಿದೆ, ಬನ್ನಿ ನೋಡಿ” ಅಂದರು. ‘ಶೋ ಪ್ರೊಸೆಸ್‌ಲಿಸ್ಟ್’ ಅಂತ ಎರಡು ಪದ ಹೊಡೆದರು. ಪರದೆ ತುಂಬ ಸಾಲುಗಳು. ಯಾವ ಯೂಸರ್, ಯಾವ ಮೆಶಿನ್‌ನಿಂದ, ಯಾವ ಡೇಟಾಬೇಸ್, ಏನು ಮಾಡುತ್ತಿದ್ದಾನೆ, ಎಷ್ಟು ಸೆಕೆಂಡಿನಿಂದ. ‘ಏನು ಮಾಡುತ್ತಿದ್ದಾನೆ’ ಅನ್ನೋ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೂ ಒಂದೇ ಪದ: ಸ್ಲೀಪ್, ಸ್ಲೀಪ್, ಸ್ಲೀಪ್. ನೂರೈವತ್ತು ಸಂಪರ್ಕಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಎರಡೋ ಮೂರೋ. ಮಿಕ್ಕವೆಲ್ಲ ಜಾಗ ಹಿಡಿದು ಮಲಗಿದ್ದವು.

ಇದು ಹೇಗೆ ಆಗುತ್ತೆ ಅಂತ ಅರ್ಥ ಮಾಡಿಕೊಳ್ಳೋಕೆ ನಂಜನಗೂಡು ಬಸ್ ಸ್ಟ್ಯಾಂಡ್ ಸಾಕು. ಜಾತ್ರೆ ದಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಅದೇ. ಒಬ್ಬ ಮನುಷ್ಯ, ಕೈಯಲ್ಲಿ ಟವೆಲ್, ಕರ್ಚೀಫು, ಬ್ಯಾಗು, ಛತ್ರಿ. ಒಳಗೆ ಹತ್ತಿ ನೋಡಿದರೆ ಎಲ್ಲ ಸೀಟೂ ‘ಯಾರೋ ಬರ್ತಾರೆ’. ಬಸ್ಸು ಖಾಲಿ, ಸೀಟು ಇಲ್ಲ.

ಲ್ಯಾಬಿನಲ್ಲಿ ಟವೆಲ್ ಹಾಕಿದ್ದು ಪೂಲ್ ಅನ್ನೋ ವ್ಯವಸ್ಥೆ. ಪ್ರತಿ ಸಲ ಹೊಸದಾಗಿ ಸಂಪರ್ಕ ತೆಗೆಯೋದಕ್ಕೆ ಸಮಯ ಹಿಡಿಯುತ್ತೆ. ಹಾಗಾಗಿ ಪ್ರೋಗ್ರಾಂಗಳು ಒಂದಷ್ಟು ಸಂಪರ್ಕಗಳನ್ನು ಮೊದಲೇ ತೆಗೆದು ಇಟ್ಟುಕೊಳ್ಳುತ್ತವೆ. ತಪ್ಪಲ್ಲ, ಒಳ್ಳೆಯ ಪದ್ಧತಿಯೇ. ಆದರೆ ಲೆಕ್ಕ ಹಾಕಿ. ಸ್ಪ್ರಿಂಗ್ ಬೂಟ್‌ನಲ್ಲಿ ಪ್ರಾಜೆಕ್ಟ್ ಮಾಡಿದರೆ ಅದರ ಜೊತೆ ಬರುವ ಪೂಲ್, ನಾವು ಏನೂ ಹೇಳದೇ ಇದ್ದರೆ, 10 ಸಂಪರ್ಕ ಹಿಡಿದುಕೊಳ್ಳುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಮ್ಯಾಕ್ಸ್ ಕನೆಕ್ಷನ್ಸ್’ ಸೆಟ್ಟಿಂಗ್ ಯಾರೂ ಮುಟ್ಟದಿದ್ದರೆ 151. 15 ಮೆಶಿನ್‌ಗೆ 150 ಆಯಿತು. 16ನೇ ಮೆಶಿನ್‌ಗೆ ಒಂದೇ ಒಂದು. 17ನೇದಕ್ಕೆ ಏನೂ ಇಲ್ಲ. ಪೂಲ್ ಇಲ್ಲದೆ ತೆರೆದು ಹಾಗೇ ಬಿಟ್ಟ ಸಂಪರ್ಕವನ್ನು ಸರ್ವರ್ ತಾನಾಗಿ ಯಾವಾಗ ಮುಚ್ಚುತ್ತೆ? ‘ವೆಯ್ಟ್ ಟೈಮ್‌ಔಟ್’ ಅಂತ ಇದೆ, ಅದರ ಡೀಫಾಲ್ಟ್ 28,800 ಸೆಕೆಂಡ್. ಅಂದರೆ 8 ಗಂಟೆ. ಬೆಳಗ್ಗೆ 9ರ ಬ್ಯಾಚು ಹಾಕಿದ ಟವೆಲ್ ಸಂಜೆ 5ರವರೆಗೂ ಸೀಟಿನ ಮೇಲೆ.

ಹಾಗಾದರೆ ಎಲ್ಲ ತುಂಬಿದ ಮೇಲೆ ಮೇಡಂ ಹೇಗೆ ಒಳಗೆ ಹೋದರು? ಅದು ಕಂಡಕ್ಟರ್ ಸೀಟು. 151ರ ಮೇಲೆ ಇನ್ನೊಂದು ಸಂಪರ್ಕವನ್ನು ಮೈಎಸ್‌ಕ್ಯೂಎಲ್ ಅಡ್ಮಿನ್‌ಗೆ ಅಂತಲೇ ಬಿಟ್ಟಿರುತ್ತೆ. ಪೋಸ್ಟ್‌ಗ್ರೆಸ್‌ನಲ್ಲೂ ಹೀಗೇ, ಡೀಫಾಲ್ಟ್ 100ರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ಜನರಿಗೆ 97. ಎಷ್ಟೇ ರಶ್ ಆದರೂ ಒಳಗೆ ಹೋಗಿ ಏನಾಗಿದೆ ಅಂತ ನೋಡೋಕೆ ಒಬ್ಬರಿಗೆ ಜಾಗ ಇರಲೇಬೇಕು ಅಂತ ಅದನ್ನು ಮಾಡಿದವರು ಮೊದಲೇ ಯೋಚಿಸಿದ್ದಾರೆ. ನಮಗೆ ಇದು ಬಹಳ ಹಿಡಿಸಿತು.

ಅವತ್ತು ರಾತ್ರಿಯಿಂದ ನಾವು ಇದರ ಹಿಂದೆ ಬಿದ್ದೆವು. ಮೊದಲು ತಿಳಿದ ಸಂಗತಿ: ಡೇಟಾಬೇಸ್ ತನ್ನ ಸ್ಥಿತಿಯನ್ನು ಟೇಬಲ್ ರೂಪದಲ್ಲೇ ಹೇಳುತ್ತೆ. 1970ರಲ್ಲಿ ರಿಲೇಷನಲ್ ಮಾಡೆಲ್ ಕೊಟ್ಟ ಎಡ್ಗರ್ ಕಾಡ್ 1985ರಲ್ಲಿ ಒಂದು ಡೇಟಾಬೇಸನ್ನು ರಿಲೇಷನಲ್ ಅನ್ನಬೇಕಾದರೆ ಇರಬೇಕಾದ ನಿಯಮಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ನಾಲ್ಕನೇದು, ಡೇಟಾಬೇಸ್ ತನ್ನ ಬಗೆಗಿನ ವಿವರಗಳನ್ನೂ ಟೇಬಲ್‌ನಲ್ಲೇ ಇಡಬೇಕು, ಉಳಿದ ಡೇಟಾ ಕೇಳುವ ಭಾಷೆಯಲ್ಲೇ ಅದನ್ನೂ ಕೇಳುವಂತಿರಬೇಕು ಅನ್ನೋದು. ವೈವಾದಲ್ಲಿ ಹೇಳೋಕೆ ಅಂತ ಬಾಯಿಪಾಠ ಮಾಡಿದ್ದ ನಿಯಮ. ಅದರ ಬೆಲೆ ಈಗ ಗೊತ್ತಾಯಿತು. ಈಗಿನ ಡೇಟಾಬೇಸ್‌ಗಳು ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ಈ ಕ್ಷಣ ಒಳಗೆ ಯಾರಿದ್ದಾರೆ ಅನ್ನೋದನ್ನೂ ಟೇಬಲ್ ತರಹ ತೋರಿಸುತ್ತವೆ. ವಿದ್ಯಾರ್ಥಿಗಳ ಟೇಬಲ್ ಮೇಲೆ ಹೊಡೆಯುವ ಸೆಲೆಕ್ಟ್ ಕ್ವೆರಿಯನ್ನೇ ಪೋಸ್ಟ್‌ಗ್ರೆಸ್‌ನ ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’ ಮೇಲೆ, ಒರಾಕಲ್‌ನ ‘ವಿ ಡಾಲರ್ ಸೆಷನ್’ ಮೇಲೆ ಹೊಡೆಯಬಹುದು. ಹೊಸ ಭಾಷೆ ಏನೂ ಕಲಿಯಬೇಕಿಲ್ಲ, ಅನುಮತಿ ಇದ್ದರೆ ಸಾಕು.

ಎರಡನೇ ಸಂಗತಿ ಅಜ್ಜಿಯ ಪ್ರಶ್ನೆಗೆ ಇನ್ನೂ ಹತ್ತಿರದ್ದು. ‘ಇಲ್ಲ’ ಅನ್ನೋದರಲ್ಲೇ ಮೂರು ಬಗೆ ಇದೆ. ಒರಾಕಲ್‌ನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಅಲ್ಲಿ ಹೊರಗಿನಿಂದ ಬಂದವರು ಮೊದಲು ಮಾತಾಡೋದು ಲಿಸನರ್ ಅನ್ನೋ ಒಂದು ಪ್ರೋಗ್ರಾಂ ಜೊತೆ, ಸಾಮಾನ್ಯವಾಗಿ 1521ನೇ ಪೋರ್ಟ್‌ನಲ್ಲಿ. ಅದು ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದ್ದ ಹಾಗೆ. ನಾವು ‘ನನಗೆ ಇಂಥ ಸರ್ವಿಸ್ ಬೇಕು’ ಅಂತ ಹೆಸರು ಹೇಳಬೇಕು. ಒಂದೇ ಡೇಟಾಬೇಸ್ ಹಲವು ಸರ್ವಿಸ್ ಹೆಸರುಗಳನ್ನು ಇಟ್ಟುಕೊಳ್ಳಬಹುದು, ಜನರ ಅರ್ಜಿಗೆ ಒಂದು, ಕಚೇರಿಯ ವರದಿಗಳಿಗೆ ಒಂದು, ಹೀಗೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಬಹುದು. ಡೇಟಾಬೇಸ್ ತನ್ನಲ್ಲಿ ಯಾವ ಸರ್ವಿಸ್ ಓಡುತ್ತಿದೆ ಅಂತ ಲಿಸನರ್‌ಗೆ ಆಗಾಗ ತಿಳಿಸುತ್ತಾ ಇರುತ್ತೆ.

ಈಗ ಮೂರು ಬಗೆಯ ‘ಇಲ್ಲ’ ನೋಡಿ. ವಿಚಾರಣೆ ಕೌಂಟರೇ ಮುಚ್ಚಿದ್ದರೆ 12541, ಲಿಸನರ್ ಇಲ್ಲ. ಕೌಂಟರ್ ಇದೆ, ಆದರೆ ‘ತಗಡೂರು ಬಸ್ಸಾ? ನಮಗೆ ಗೊತ್ತಿಲ್ಲ’ ಅಂದರೆ 12514, ಆ ಹೆಸರಿನ ಸರ್ವಿಸ್ ಈಗ ಅದರ ಪಟ್ಟಿಯಲ್ಲಿಲ್ಲ. ಬಸ್ಸೂ ಇದೆ, ಸೀಟು ಮುಗಿದಿದೆ ಅಂದರೆ 20, ಪ್ರೊಸೆಸ್‌ಗಳ ಮಿತಿ ಮುಟ್ಟಿದೆ. ಮೊದಲನೇದಕ್ಕೆ ಲಿಸನರ್ ಶುರು ಮಾಡಬೇಕು. ಎರಡನೇದಕ್ಕೆ ‘ವಿ ಡಾಲರ್ ಆ್ಯಕ್ಟಿವ್ ಸರ್ವೀಸಸ್’ ನೋಡಿ ಆ ಸರ್ವಿಸ್ ನಿಜಕ್ಕೂ ಓಡುತ್ತಿದೆಯಾ, ನಮ್ಮ ಕಡೆ ಸೆಟ್ಟಿಂಗ್ ಫೈಲಿನಲ್ಲಿ ಹೆಸರು ಸರಿಯಾಗಿದೆಯಾ ಅಂತ ಹೋಲಿಸಬೇಕು. ಮೂರನೇದಕ್ಕೆ ‘ವಿ ಡಾಲರ್ ರಿಸೋರ್ಸ್ ಲಿಮಿಟ್’ ನೋಡಬೇಕು. ಅದರಲ್ಲಿ ಈಗ ಎಷ್ಟು ಬಳಕೆಯಾಗಿದೆ, ಇದುವರೆಗೆ ಗರಿಷ್ಠ ಎಷ್ಟಾಗಿತ್ತು, ಮಿತಿ ಎಷ್ಟು, ಮೂರೂ ಪಕ್ಕಪಕ್ಕದಲ್ಲೇ ಇರುತ್ತೆ. ಸೆಷನ್ ಪಟ್ಟಿಯಲ್ಲಿ ಸರ್ವಿಸ್ ಹೆಸರಿನ ಕಾಲಂ ಕೂಡ ಇದೆ, ಗ್ರೂಪ್ ಬೈ ಮಾಡಿದರೆ ಯಾವ ಸರ್ವಿಸ್‌ನವರು ಎಷ್ಟು ಸೀಟು ಹಿಡಿದಿದ್ದಾರೆ ಅಂತ ಒಂದು ಸಾಲಿನಲ್ಲಿ ಗೊತ್ತಾಗುತ್ತೆ. ವರದಿ ತೆಗೆಯೋರೇ ಜನರ ಸೀಟೆಲ್ಲ ಹಿಡಿದಿದ್ದರೆ ಅದೂ ಕಾಣುತ್ತೆ.

ಸರ್ವರ್ ಇಲ್ಲ, ಸರ್ವಿಸ್ ಇಲ್ಲ, ಸೀಟ್ ಇಲ್ಲ. ಮೂರಕ್ಕೂ ಔಷಧಿ ಬೇರೆ ಬೇರೆ. ಇವಲ್ಲದೆ ಕೇಂದ್ರದ ಇಂಟರ್‌ನೆಟ್ ಇದೆ, ಒಟಿಪಿ ಇದೆ, ಬೆರಳಚ್ಚಿನ ಮೆಶಿನ್ ಇದೆ. ಕೌಂಟರಿಗೆ ಬರುವಷ್ಟರಲ್ಲಿ ಅಷ್ಟೂ ಸೇರಿ ಒಂದೇ ವಾಕ್ಯ ಆಗಿಬಿಡುತ್ತೆ. ಕೌಂಟರಿನ ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅವನ ಪರದೆ ಮೇಲೂ ಸುತ್ತುವ ಚಕ್ರ ಬಿಟ್ಟು ಬೇರೇನೂ ಕಾಣಲ್ಲ.

“ಸೀಟು ಸಾಲದಿದ್ದರೆ ಜಾಸ್ತಿ ಮಾಡಿದರಾಯ್ತಪ್ಪ” ಅಂತ ನಮ್ಮಲ್ಲೊಬ್ಬ ಹೇಳಿದ. 151ನ್ನು 1,500 ಮಾಡಿ. ಅದು ಒಂದು ಸೆಟ್ಟಿಂಗ್ ಅಷ್ಟೆ, ಬರೆಯೋಕೆ ಒಂದು ನಿಮಿಷ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೊಸೆಸ್ ಬೇಕು, ಅದಕ್ಕೆ ಮೆಮೊರಿ ಬೇಕು. ಇಂಜಿನ್ ಅದೇ, ಟಾಪ್ ಮೇಲೂ ಜನ ಕೂರಿಸಿದರೆ ಬಸ್ಸು ಏರು ಹತ್ತಬೇಕಲ್ಲ. ಅದಕ್ಕಿಂತ ಮುಖ್ಯವಾದ ಲೆಕ್ಕ ಒಂದಿದೆ. ಒಂದು ಕೆಲಸಕ್ಕೆ 50 ಮಿಲಿಸೆಕೆಂಡ್ ಹಿಡಿದರೆ ಒಂದು ಸೀಟಿನಲ್ಲಿ ಸೆಕೆಂಡಿಗೆ 20 ಜನರ ಕೆಲಸ ಮುಗಿಯುತ್ತೆ, 100 ಸೀಟಿನಲ್ಲಿ 2,000. ಅದೇ ಕೆಲಸ 5 ಸೆಕೆಂಡ್ ಎಳೆದರೆ ಅದೇ 100 ಸೀಟಿನಲ್ಲಿ ಸೆಕೆಂಡಿಗೆ 20 ಮಾತ್ರ. ಸೀಟು ಒಂದೂ ಕಮ್ಮಿ ಆಗಿಲ್ಲ, ಸರ್ವರ್ ನೂರು ಪಟ್ಟು ಚಿಕ್ಕದಾಯಿತು. ಹಾಗಾಗಿ ಎಷ್ಟು ಸೀಟು ಅನ್ನೋದಕ್ಕಿಂತ ಕೂತವರು ಯಾಕೆ ಏಳುತ್ತಿಲ್ಲ ಅನ್ನೋದನ್ನು ಮೊದಲು ಕೇಳಬೇಕು.

ಏಳದೇ ಇರೋಕೆ ಒಂದು ದೊಡ್ಡ ಕಾರಣಕ್ಕೆ ಪೋಸ್ಟ್‌ಗ್ರೆಸ್ ಒಂದು ಹೆಸರು ಇಟ್ಟಿದೆ: ಐಡಲ್ ಇನ್ ಟ್ರಾನ್ಸಾಕ್ಷನ್. ಒಬ್ಬರು ಟ್ರಾನ್ಸಾಕ್ಷನ್ ಶುರು ಮಾಡಿ, ಒಂದು ಸಾಲನ್ನು ಬದಲಾಯಿಸಿ, ಕಮಿಟ್ ಕೊಡದೆ ಸುಮ್ಮನಾಗಿರುತ್ತಾರೆ. ಪ್ರೋಗ್ರಾಂ ಬರೆದವರು ಮಧ್ಯದಲ್ಲಿ ಒಟಿಪಿಗೆ ಕಾಯುವ ಹಾಗೆ ಮಾಡಿದ್ದರೆ ಹೀಗಾಗುತ್ತೆ. ಆ ಸಾಲಿಗೆ ಬೀಗ ಬಿದ್ದಿದೆ, ಅದೇ ಸಾಲನ್ನು ಬದಲಾಯಿಸಬೇಕಾದವರೆಲ್ಲ ಹಿಂದೆ ಕಾಯುತ್ತಾರೆ. ಕಾಯುವಾಗ ಅವರು ತಮ್ಮ ತಮ್ಮ ಸೀಟು ಬಿಡಲ್ಲ. ನೋಡ್ತಾ ನೋಡ್ತಾ ನೂರು ಸೀಟೂ ಭರ್ತಿ, ಎಲ್ಲರೂ ಕಾಯುತ್ತಿರೋದು ಒಬ್ಬನಿಗೆ. ಅವನ ಸ್ಟೇಟ್ ಮಾತ್ರ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ, ನಿರಪರಾಧಿ ಮುಖ. ಯಾರು ಯಾರನ್ನು ತಡೆದಿದ್ದಾರೆ ಅಂತ ಹೇಳೋಕೆ ‘ಪಿಜಿ ಬ್ಲಾಕಿಂಗ್ ಪಿಐಡಿಸ್’ ಅಂತ ಫಂಕ್ಷನ್ನೇ ಇದೆ. ಇಂಥವರನ್ನು ಇಷ್ಟು ಹೊತ್ತಾದ ಮೇಲೆ ಎಬ್ಬಿಸು ಅಂತ ಹೇಳುವ ಸೆಟ್ಟಿಂಗ್ ಕೂಡ ಇದೆ, ಆದರೆ ಅದರ ಡೀಫಾಲ್ಟ್ 0, ಅಂದರೆ ಆಫ್. ಯಾರಾದರೂ ಬಂದು ಆನ್ ಮಾಡಬೇಕು.

ಇದೆಲ್ಲ ನಮ್ಮ ಲ್ಯಾಬಿನ ಸಣ್ಣ ಸರ್ವರ್ ಕತೆ. ಅಜ್ಜಿಯ ಪಹಣಿ ಇರೋ ಕಡೆ ಇದರ ಅಳತೆ ಎಷ್ಟು? ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದಾಗ, 2000ದ ಆಸುಪಾಸಿನಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಬಂತು. ಅದಕ್ಕಿಂತ ಮುಂಚೆ ದಾಖಲೆ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ, ಅಂಥವರು ರಾಜ್ಯದಲ್ಲಿ ಸುಮಾರು 9,000 ಜನ. ಆಗಿನ ವಾಕ್ಯ ‘ಲೆಕ್ಕಿಗರು ಇಲ್ಲ, ನಾಳೆ ಬಾ’. ಲೆಕ್ಕಿಗರು ಎಲ್ಲಿಗೆ ಹೋದರು ಅಂತ ಊರಿನವರಿಗೆ ಗೊತ್ತಾಗುತ್ತಿತ್ತು, ಬೇಕಾದರೆ ಮನೆ ಹತ್ತಿರ ಹೋಗಿ ನಿಲ್ಲಬಹುದಿತ್ತು. ಸರ್ವರ್ ಎಲ್ಲಿಗೆ ಹೋಯಿತು ಅಂತ ಯಾರ ಮನೆ ಹತ್ತಿರ ನಿಲ್ಲೋದು? ದಾಖಲೆ ಒಬ್ಬರ ಕೈಯಿಂದ ತಪ್ಪಿದ್ದು ದೊಡ್ಡ ಲಾಭ, ಅದನ್ನು ನಾವು ಸಣ್ಣದು ಮಾಡಲ್ಲ. ಆದರೆ ಕಾರಣ ಕೇಳುವ ಜಾಗವೂ ಜೊತೆಯಲ್ಲೇ ತಪ್ಪಿಹೋಯಿತು.

ಒಂದೇ ಸಲ ಎಲ್ಲರೂ ಬಂದರೆ ಏನಾಗುತ್ತೆ ಅನ್ನೋದನ್ನು 2023ರಲ್ಲಿ ಇಡೀ ರಾಜ್ಯ ನೋಡಿತು. ಜೂನ್ 18ಕ್ಕೆ ಗೃಹಜ್ಯೋತಿ ನೋಂದಣಿ ಸೇವಾ ಸಿಂಧುವಿನಲ್ಲಿ ಶುರುವಾದಾಗ ಸರ್ವರ್ ಸಮಸ್ಯೆ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಮುಂದಿನ ತಿಂಗಳು ಗೃಹಲಕ್ಷ್ಮಿ ನೋಂದಣಿ ಬಂದಾಗ ಬೇರೆ ದಾರಿ ಹಿಡಿದರು: ಯಾವ ದಿನ, ಎಷ್ಟು ಗಂಟೆಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಫಲಾನುಭವಿಗಳಿಗೆ ಎಸ್‌ಎಂಎಸ್ ಕಳಿಸಿದರು. ಆಗ ನಮಗೆ ಇದು ಬರೀ ಆಡಳಿತದ ವಿಷಯ ಅನ್ನಿಸಿತ್ತು. ಈಗ ನೋಡಿದರೆ ಇದು ನಾವು ಓದುತ್ತಿರೋ ವಿಷಯವೇ. ಸೀಟು ಇಷ್ಟೇ ಇದೆ ಅಂತ ಒಪ್ಪಿಕೊಂಡು, ಕ್ಯೂವನ್ನು ಡೇಟಾಬೇಸಿನ ಬಾಗಿಲಿನಿಂದ ಜನರ ಮೊಬೈಲಿಗೆ ತಂದರು. ಕಾಯೋದು ತಪ್ಪಲಿಲ್ಲ, ಆದರೆ ಮನೆಯಲ್ಲಿ ಕಾಯಬಹುದು, ಯಾವಾಗ ಅಂತ ಗೊತ್ತಿದ್ದು ಕಾಯಬಹುದು. ‘ನಾಳೆ ಬಾ’ ಅನ್ನೋದಕ್ಕೂ ‘ಗುರುವಾರ ಹನ್ನೊಂದು ಗಂಟೆಗೆ ಬಾ’ ಅನ್ನೋದಕ್ಕೂ ಇರುವ ವ್ಯತ್ಯಾಸ ಒಂದು ದಿನದ ಕೂಲಿ.

ಇಷ್ಟೆಲ್ಲ ಓದಿದ ಮೇಲೆ ನಮ್ಮನ್ನು ಕಾಡಿದ್ದು ಇನ್ನೊಂದು ವಿಷಯ. ಆ ಪಟ್ಟಿಗಳಲ್ಲಿ ಇರೋದು ಯಾರು? ಒಳಗೆ ಬಂದವರು. ಮಲಗಿರೋನು, ಬೀಗ ಹಾಕಿರೋನು, ಕಾಯುತ್ತಿರೋನು, ಎಲ್ಲರ ವಿವರವೂ ಸಾಲು ಸಾಲಾಗಿ ಇದೆ. ಬಾಗಿಲಲ್ಲೇ ವಾಪಸ್ ಕಳಿಸಿಕೊಂಡವರು? ಮೈಎಸ್‌ಕ್ಯೂಎಲ್‌ನಲ್ಲಿ ಅದಕ್ಕೆ ಒಂದು ಕೌಂಟರ್ ಇದೆ, ಸೀಟಿಲ್ಲದೆ ಎಷ್ಟು ಸಂಪರ್ಕ ನಿರಾಕರಿಸಿದೆ ಅಂತ. ಸರ್ವರ್ ಶುರುವಾದಾಗಿನಿಂದ ಇಷ್ಟು ಅಂತ ಒಂದೇ ಸಂಖ್ಯೆ. ಯಾರು, ಯಾವಾಗ, ಯಾವ ಕೆಲಸಕ್ಕೆ ಬಂದಿದ್ದರು, ಅದರಲ್ಲಿ ಇಲ್ಲ. ಅದಕ್ಕೂ ಹೊರಗೆ ಇನ್ನೊಂದು ಸುತ್ತು ಇದೆ. ಪೂಲ್‌ನಲ್ಲಿ ಸಂಪರ್ಕ ಖಾಲಿ ಇಲ್ಲದಿದ್ದರೆ ಅರ್ಜಿ ಪ್ರೋಗ್ರಾಂ ಒಳಗೇ 30 ಸೆಕೆಂಡ್ ಕಾದು ಬಿದ್ದುಹೋಗುತ್ತೆ, ಡೇಟಾಬೇಸ್‌ಗೆ ಅವರು ಬಂದದ್ದೇ ಗೊತ್ತಾಗಲ್ಲ. ಅದಕ್ಕೂ ಹೊರಗೆ, ಬೆಳಗ್ಗೆ ಎರಡು ಸಲ ನೋಡಿ ಸೋತ ಕೌಂಟರಿನ ಹುಡುಗ ಬಟನ್ ಒತ್ತೋದನ್ನೇ ನಿಲ್ಲಿಸಿರುತ್ತಾನೆ. ಆಮೇಲೆ ಬಂದ ಇಪ್ಪತ್ತು ಜನ ಯಾವ ಸಂಖ್ಯೆಯಲ್ಲೂ ಇಲ್ಲ.

ಅಜ್ಜಿ ಮೂರು ಸಲ ಹೋಗಿಬಂದದ್ದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಮೇಲೆ ಎಲ್ಲೋ ಕೂತು ನೋಡೋರ ಪರದೆ ಮೇಲೆ ಆ ದಿನ ಜನವೇ ಕಮ್ಮಿ ಇದ್ದ ಹಾಗೆ ಕಾಣಬಹುದು. ಬಾಗಿಲು ಹಾಕಿಕೊಂಡು ಒಳಗೆ ಎಣಿಸಿ, ಇವತ್ತು ರಶ್ ಇಲ್ಲ ಅಂದ ಹಾಗೆ. ನಮ್ಮ ಸಬ್ಜೆಕ್ಟ್‌ನಲ್ಲಿ ಮಾನಿಟರಿಂಗ್ ಅಂದರೆ ಒಳಗೆ ಏನಾಗುತ್ತಿದೆ ಅಂತ ನೋಡೋದು. ನಮಗೆ ಅನ್ನಿಸೋದು, ಅದು ಅರ್ಧ ಕೆಲಸ. ಹೊರಗೆ ಎಷ್ಟು ಜನ ನಿಂತಿದ್ದಾರೆ ಅಂತ ನೋಡೋಕೆ ಡೇಟಾಬೇಸ್ ಒಂದರಿಂದಲೇ ಆಗಲ್ಲ, ಅದರ ಮುಂದೆ ಇರೋ ಪ್ರೋಗ್ರಾಂ ಬರೆಯೋರು ಮಾಡಬೇಕು. ಅಂದರೆ ಮುಂದೆ ನಮ್ಮಂಥವರು.

ಹಾಗಾಗಿ ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಸಣ್ಣದಾಗಿ ಮಾಡಿ ನೋಡಿದೆವು. ಪ್ರಾಜೆಕ್ಟ್ ದೊಡ್ಡದೇನಲ್ಲ, ಹಾಸ್ಟೆಲ್ ಔಟ್‌ಪಾಸ್ ಅರ್ಜಿ. ಪೂಲನ್ನು 10ರಿಂದ 4ಕ್ಕೆ ಇಳಿಸಿದೆವು, ನಮ್ಮ ಕೆಲಸಕ್ಕೆ ಅಷ್ಟು ಸಾಕು, ಪಕ್ಕದ ಬ್ಯಾಚಿನವರಿಗೂ ಸೀಟು ಬೇಕಲ್ಲ. ಕಾಯುವ ಸಮಯ 30 ಸೆಕೆಂಡಿನಿಂದ 3ಕ್ಕೆ. ಅಷ್ಟರಲ್ಲಿ ಸಂಪರ್ಕ ಸಿಗದಿದ್ದರೆ ಅರ್ಜಿಯನ್ನು ಬಿಸಾಕುವುದಿಲ್ಲ. ಡೇಟಾಬೇಸ್ ಬೇಡದ ಒಂದು ಸಾದಾ ಫೈಲಿಗೆ ಒಂದು ಸಾಲು ಬರೆಯುತ್ತೆ: ಯಾವ ಹೊತ್ತು, ಯಾರು, ಯಾವ ಅರ್ಜಿ. ಪರದೆ ಮೇಲೆ ಒಂದು ಟೋಕನ್ ಸಂಖ್ಯೆ ಕೊಡುತ್ತೆ. ಹತ್ತು ನಿಮಿಷಕ್ಕೊಮ್ಮೆ ಆ ಸಾಲುಗಳನ್ನು ತಾನೇ ಎತ್ತಿಕೊಂಡು ಮತ್ತೆ ಪ್ರಯತ್ನಿಸುತ್ತೆ.

ಡೆಮೊಗೆ ಮುಂಚೆ ಟೆಸ್ಟ್ ಮಾಡಿದೆವು. ಒಂದು ಟರ್ಮಿನಲ್‌ನಿಂದ ಬೇಕಂತಲೇ ಒಂದು ಸಾಲಿಗೆ ಬೀಗ ಹಾಕಿ ಕಮಿಟ್ ಕೊಡದೆ ಕೂತೆವು. ಇನ್ನೊಂದರಿಂದ ಆ ಸಾಲೇ ಬೇಕಾದ 50 ಅರ್ಜಿಗಳನ್ನು ಒಟ್ಟಿಗೆ ಕಳಿಸಿದೆವು. ಪ್ರೊಸೆಸ್‌ಲಿಸ್ಟ್ ತೆಗೆದರೆ ಬೀಗ ಹಾಕಿದ ನಮ್ಮದನ್ನು ಬಿಟ್ಟು ಕಾಯುತ್ತಿದ್ದವು ಬರೀ 4. ಅದನ್ನಷ್ಟೇ ನೋಡಿದವರು ಇವತ್ತು ರಶ್ ಇಲ್ಲ ಅನ್ನಬೇಕು. ಫೈಲ್ ತೆಗೆದು ಸಾಲು ಎಣಿಸಿದೆವು, 46. ಲೆಕ್ಕ ಸರಿಹೋಯಿತು, ಐವತ್ತರಲ್ಲಿ ಒಬ್ಬರೂ ಕಳೆದುಹೋಗಿರಲಿಲ್ಲ.

ಆ 46 ಜನರ ಪರದೆ ಮೇಲೆ ಏನು ಬರಬೇಕು ಅನ್ನೋದಕ್ಕೆ ಮಾತ್ರ ರಾತ್ರಿ ಎರಡು ಗಂಟೆವರೆಗೂ ಜಗಳ ಆಡಿದೆವು. ಎರರ್ ಮೆಸೇಜ್ ಇಂಗ್ಲಿಷ್‌ನಲ್ಲಿ ಬರೆಯೋದು ನಮಗೆ ಸುಲಭ, ಕನ್ನಡದಲ್ಲಿ ಬರೆಯೋಕೆ ಹೊರಟರೆ ಯಾರಿಗೆ ಹೇಳುತ್ತಿದ್ದೀವಿ ಅಂತ ಯೋಚಿಸಬೇಕಾಗುತ್ತೆ. ಕೊನೆಗೆ ಉಳಿದದ್ದು ಇದು: ‘ಈಗ ಜಾಗ ತುಂಬಿದೆ. ನಿಮ್ಮ ಅರ್ಜಿ ಬರೆದುಕೊಂಡಿದ್ದೇವೆ, ಟೋಕನ್ 17. ನೀವು ಮತ್ತೆ ಬರಬೇಕಿಲ್ಲ.’